ಉತ್ತರದ ಕಾಡಿನಲ್ಲಿ ಮರ ಬೆಳೆಯುವ ಬಗೆ

ಕಾಡಿನ ಮರಕ್ಕೆ ಯಾರೂ ನೀರೆರೆಯುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಆದರೂ ಒಂದೇ ಜಾತಿಯ, ಒಂದೇ ವಯಸ್ಸಿನ ಎರಡು ಮರಗಳಲ್ಲಿ ಒಂದು ತಬ್ಬಿದರೆ ಕೈಗೆ ಸಿಗದಷ್ಟು ದಪ್ಪವಾಗಿರುತ್ತದೆ, ಇನ್ನೊಂದು ತೋಳಿನಷ್ಟು ಗಾತ್ರಕ್ಕೇ ನಿಂತಿರುತ್ತದೆ. ಏಕೆ ಹೀಗೆ? ಇದಕ್ಕೆ ಉತ್ತರ ಹುಡುಕಲು ಇಂದು ಅಮೆರಿಕದ ಈಶಾನ್ಯ ಭಾಗದಲ್ಲಿರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ಹೋಗೋಣ. ಅಲ್ಲಿನ ಹಬ್ಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯ 1955ರಲ್ಲಿ ಆರಂಭವಾಯಿತು. ಜಗತ್ತಿನಲ್ಲಿ ಇಷ್ಟು ದೀರ್ಘಕಾಲ, ಇಷ್ಟು ಸೂಕ್ಷ್ಮವಾಗಿ ಅಳೆಯಲ್ಪಟ್ಟ ಕಾಡುಗಳು ಬಹಳ ಇಲ್ಲ.

ಅದು ಮಿಶ್ರ ಕಾಡು. ಇಳಿಜಾರಿನ ಕೆಳಭಾಗದಲ್ಲಿ ಶುಗರ್ ಮೇಪಲ್, ಬೀಚ್, ಯೆಲ್ಲೊ ಬರ್ಚ್ ಎಂಬ ಎಲೆ ಉದುರಿಸುವ ಮರಗಳು. ಮೇಲೆ ಹೋದಂತೆ ಸೂಜಿಯಂಥ ಎಲೆಗಳ ಸ್ಪ್ರೂಸ್ ಮತ್ತು ಫರ್. ಮೇ ತಿಂಗಳಲ್ಲಿ ಚಿಗುರು ಬಂದರೆ ಅಕ್ಟೋಬರ್‌ನಲ್ಲಿ ಎಲೆಗಳು ಕೆಂಪಾಗಿ, ಹಳದಿಯಾಗಿ ಉದುರುತ್ತವೆ. ವರ್ಷದ ಬೆಳವಣಿಗೆಯೆಲ್ಲ ಈ ನಡುವಿನ ಕೆಲವೇ ತಿಂಗಳಲ್ಲಿ ಆಗಬೇಕು.

ಈ ಬೆಳವಣಿಗೆಯನ್ನು ನಿರ್ಧರಿಸುವ ಸಂಗತಿಗಳಲ್ಲಿ ಮೊದಲನೆಯದು ಬೆಳಕಿಗಾಗಿ ಪೈಪೋಟಿ. ಮೇಪಲ್ ಮತ್ತು ಬೀಚ್ ಸಸಿಗಳು ದೊಡ್ಡ ಮರಗಳ ನೆರಳಿನಲ್ಲಿ ಹತ್ತಾರು ವರ್ಷ ಹಾಗೇ ಜೀವ ಹಿಡಿದುಕೊಂಡು ಇರಬಲ್ಲವು. ಆ ವರ್ಷಗಳ ಬೆಳವಣಿಗೆಯ ಉಂಗುರಗಳನ್ನು ಎಣಿಸಲು ಭೂತಕನ್ನಡಿಯೇ ಬೇಕು, ಅಷ್ಟು ತೆಳು. ಗಾಳಿಗೆ ಪಕ್ಕದ ಮರವೊಂದು ಉರುಳಿ ಬಿಸಿಲು ಒಳಗೆ ಬಿತ್ತೆಂದರೆ ಉಂಗುರಗಳು ಒಮ್ಮೆಲೇ ಅಗಲವಾಗುತ್ತವೆ. ಯೆಲ್ಲೊ ಬರ್ಚ್‌ನ ಕಷ್ಟ ಬೇರೆ. ಅದರ ಬೀಜ ಬಹಳ ಸಣ್ಣದು. ದಪ್ಪನೆಯ ತರಗೆಲೆಯ ಹಾಸನ್ನು ದಾಟಿ ಮಣ್ಣು ಮುಟ್ಟುವ ಶಕ್ತಿ ಅದರ ಮೊಳಕೆಗಿಲ್ಲ. ಹಾಗಾಗಿ ಪಾಚಿ ಹಿಡಿದ, ಬಿದ್ದ ಮರದ ದಿಮ್ಮಿಯ ಮೇಲೆಯೇ ಅದು ಎಷ್ಟೋ ಸಲ ಹುಟ್ಟುತ್ತದೆ. ದಿಮ್ಮಿಯನ್ನು ಬಳಸಿಕೊಂಡು ಬೇರುಗಳು ನೆಲಕ್ಕಿಳಿಯುತ್ತವೆ. ಮುಂದೆ ದಿಮ್ಮಿ ಕೊಳೆತು ಮಣ್ಣಾದಾಗ ಮರ ಬೇರುಗಾಲುಗಳ ಮೇಲೆ ನಿಂತಂತೆ ಕಾಣುತ್ತದೆ.

ಎರಡನೆಯದು ಚಳಿ. ಚಳಿ ಹೆಚ್ಚಾದರೆ ಬೇರಿಗೆ ಕೇಡು ಎಂದು ನಮಗೆ ಅನಿಸುವುದು ಸಹಜ. ಆದರೆ ಅಲ್ಲಿ ನೆಲದ ಮೇಲೆ ಬಿದ್ದ ಹಿಮವೇ ಬೇರುಗಳಿಗೆ ಕಂಬಳಿ. ಅದರ ಕೆಳಗಿನ ಮಣ್ಣು ಹೆಪ್ಪುಗಟ್ಟುವುದು ಕಡಿಮೆ. ಸಂಶೋಧಕರು ಚಳಿಗಾಲದ ಆರಂಭದಲ್ಲಿ ಕೆಲವು ತಾಕುಗಳ ಹಿಮವನ್ನು ಸಲಿಕೆಯಿಂದ ತೆಗೆದು ನೋಡಿದರು. ಅಲ್ಲಿ ಮಣ್ಣು ಆಳದವರೆಗೆ ಹೆಪ್ಪುಗಟ್ಟಿತು, ನೀರು ಹೀರುವ ಸೂಕ್ಷ್ಮ ಬೇರುಗಳು ಹೆಚ್ಚಾಗಿ ಸತ್ತವು. ಭೂಮಿ ಬಿಸಿಯಾಗಿ ಹಿಮ ಕಡಿಮೆಯಾದರೆ ಬೇರುಗಳು ಚಳಿಯಿಂದಲೇ ಸಾಯಬಹುದು ಎಂಬುದು ಇದರಿಂದ ತಿಳಿಯಿತು.

ಮೂರನೆಯದು ಮಣ್ಣು. ಹಿಮನದಿಗಳು ಸವೆಸಿ ಬಿಟ್ಟುಹೋದ ಅಲ್ಲಿನ ಮಣ್ಣಿನಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಮೊದಲೇ ಕಡಿಮೆ. 1963ರಲ್ಲಿ ಜೀನ್ ಲೈಕೆನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಸಂಗಡಿಗರು ಅಲ್ಲಿ ಮಳೆ, ಹಿಮ, ತೊರೆಗಳ ನೀರನ್ನು ಪರೀಕ್ಷಿಸತೊಡಗಿದರು. ನೀರಿನ ಆಮ್ಲೀಯತೆಯನ್ನು ಪಿಎಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅದು ಕಡಿಮೆಯಾದಷ್ಟೂ ಆಮ್ಲ ಹೆಚ್ಚು. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6. ಅಲ್ಲಿಯದು 4ರ ಆಸುಪಾಸಿನಲ್ಲಿತ್ತು. ದೂರದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆ ಆಮ್ಲಮಳೆಯಾಗಿ ಆ ಕಾಡಿನ ಮೇಲೆ ಸುರಿಯುತ್ತಿತ್ತು. ಆ ಆಮ್ಲ ಮಣ್ಣಿನ ಕ್ಯಾಲ್ಸಿಯಂ ಅನ್ನು ಕರಗಿಸಿ ತೊರೆಗೆ ಸಾಗಿಸುತ್ತಿತ್ತು, ಬೇರಿಗೆ ವಿಷವಾಗುವ ಅಲ್ಯೂಮಿನಿಯಂ ಅನ್ನು ಸಡಿಲಗೊಳಿಸುತ್ತಿತ್ತು. 1980ರ ದಶಕದಲ್ಲಿ ಕಾಡಿನ ಒಟ್ಟು ಬೆಳವಣಿಗೆ ಕುಂಠಿತವಾಯಿತು. ಅಮೆರಿಕದ ವಾಯುಮಾಲಿನ್ಯ ಕಾನೂನಿಗೆ 1990ರಲ್ಲಿ ಆದ ತಿದ್ದುಪಡಿಯ ನಂತರ ಹೊಗೆ ತಗ್ಗಿತು, ಆದರೆ ತೊಳೆದುಹೋದ ಸುಣ್ಣದಂಶ ಮರಳಿ ಬರಲಿಲ್ಲ.

ಬೆಳವಣಿಗೆ ಕುಂಠಿತವಾಗಲು ಕ್ಯಾಲ್ಸಿಯಂ ಕೊರತೆಯೇ ಕಾರಣವೇ ಎಂಬ ಅನುಮಾನ ಪರಿಹರಿಸಲು ಸಂಶೋಧಕರು 1999ರ ಅಕ್ಟೋಬರ್‌ನಲ್ಲಿ ಹೆಲಿಕಾಪ್ಟರ್‌ನಿಂದ ಸುಮಾರು 12 ಹೆಕ್ಟೇರ್ ಕಣಿವೆಯೊಂದರ ಮೇಲೆ ವಾಲಸ್ಟೊನೈಟ್ ಎಂಬ ಕ್ಯಾಲ್ಸಿಯಂ ಖನಿಜದ ಗುಳಿಗೆಗಳನ್ನು ಎರಚಿದರು. ಕೆಲವೇ ವರ್ಷಗಳಲ್ಲಿ ಮೇಪಲ್ ಮರಗಳ ತಲೆಗಳು ತುಂಬಿಕೊಂಡವು, ಸಸಿಗಳು ಹೆಚ್ಚಿದವು. ಏನೂ ಎರಚದ ಪಕ್ಕದ ಕಾಡಿಗಿಂತ ಇಲ್ಲಿನ ಮರಗಳು ಚೆನ್ನಾಗಿ ಬೆಳೆದವು.

ಅಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ ಮತ್ತು ಹಿಮ ಬೀಳುತ್ತದೆ. ನೀರಿಗೆ ಬರವಿಲ್ಲ. ಆದರೂ ಒಂದು ಖನಿಜದ ಕೊರತೆ ಇಡೀ ಕಾಡನ್ನು ಹಿಡಿದು ನಿಲ್ಲಿಸಿತ್ತು. ಮರಕ್ಕೆ ಹೇರಳವಾಗಿ ಸಿಗುವ ವಸ್ತುವಲ್ಲ, ಕಡಿಮೆ ಸಿಗುವ ವಸ್ತುವೇ ಅದರ ಬೆಳವಣಿಗೆಯ ಮಿತಿ. ಆ ಕೊರತೆ ಯಾವುದೆಂದು ನೋಟಕ್ಕೆ ಗೊತ್ತಾಗುವುದಿಲ್ಲ. ದಶಕಗಳ ಅಳತೆಯೇ ಅದನ್ನು ಹೇಳಬಲ್ಲದು.

ನಮ್ಮಲ್ಲೂ ಇಂಥ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಮುದುಮಲೈ ಕಾಡಿನಲ್ಲಿ 50 ಹೆಕ್ಟೇರ್ ಜಾಗ ಗುರುತಿಸಿ, ಅಲ್ಲಿನ ಮರಗಳನ್ನು ಒಂದೊಂದಾಗಿ ಅಳೆಯತೊಡಗಿದರು. ಶಾಲೆಯ ಶಿಕ್ಷಕರೇ, ರೈತ ಬಂಧುಗಳೇ, ನಿಮ್ಮ ಅಂಗಳದ ಒಂದು ಮರಕ್ಕೆ ಎದೆಮಟ್ಟದಲ್ಲಿ ಬಣ್ಣದ ಗುರುತು ಹಾಕಿ. ಪ್ರತಿವರ್ಷ ಅದೇ ತಿಂಗಳು ಅದೇ ಗುರುತಿನಲ್ಲಿ ಸುತ್ತಳತೆ ತೆಗೆದು, ದಿನಾಂಕದೊಂದಿಗೆ ಬರೆದಿಡಿ. ಆ ಪುಸ್ತಕವನ್ನು ಮುಂದಿನವರ ಕೈಗೆ ದಾಟಿಸಿ.