ಕೊನೆಯ ಪುಟದ ಪಟ್ಟಿ

(ಬೆಂಗಳೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಬಡಾವಣೆಯ ಇತಿಹಾಸ ಕುರಿತು ಮಾತನಾಡಬೇಕೆಂದು ಕರೆದಿದ್ದೀರಿ. ಇತಿಹಾಸ ಎಂದೊಡನೆ ಕೋಟೆ, ಅರಮನೆ, ಶಾಸನಗಳು ಕಣ್ಣ ಮುಂದೆ ಬರುತ್ತವೆ. ನಾನು ಇಂದು ಮಾತನಾಡಲಿರುವುದು ಮೋರಿಯ ಬಗ್ಗೆ, ನಲ್ಲಿಯ ಬಗ್ಗೆ, ಬೀದಿದೀಪದ ಬಗ್ಗೆ. ಇವಕ್ಕೂ ಇತಿಹಾಸವಿದೆ. ಅದು ಬಹುಮಟ್ಟಿಗೆ ನೆಲದ ಕೆಳಗಿದೆ.

ಕೆಲವು ತಿಂಗಳ ಹಿಂದೆ ವರದಿಯೊಂದರ ಕೆಲಸಕ್ಕಾಗಿ ಮಹಾನಗರ ಪಾಲಿಕೆಯ ಮಾಜಿ ಸದಸ್ಯೆಯೊಬ್ಬರನ್ನು ಭೇಟಿಯಾಗಿದ್ದೆ. ಅವರು ಶಾಲಾ ಮಕ್ಕಳ ನೋಟುಪುಸ್ತಕವೊಂದನ್ನು ತಂದು ಮುಂದಿಟ್ಟರು. ಮೊದಲ ಪುಟದಲ್ಲಿದ್ದುದು ಅವರು 2015ರಲ್ಲಿ ಆಯ್ಕೆಯಾದಾಗ ಬರೆದ ಪಟ್ಟಿ. ಮಾಡಬೇಕಾದ ಐದು ಕೆಲಸಗಳಲ್ಲಿ ಮೊದಲನೆಯದು ರಸ್ತೆಗೆ ಡಾಂಬರು. ಕೊನೆಯ ಪುಟದಲ್ಲಿದ್ದುದು 2020ರಲ್ಲಿ ಅಧಿಕಾರ ಬಿಡುವ ವಾರ ಬರೆದ ಪಟ್ಟಿ. ಅಲ್ಲಿ ಮೋರಿ ಮೊದಲು, ನೀರಿನ ಕೊಳವೆ ಎರಡನೆಯದು, ಬೀದಿದೀಪ ಮೂರನೆಯದು, ಕಾಲುದಾರಿ ನಾಲ್ಕನೆಯದು. ಡಾಂಬರು ಕಟ್ಟಕಡೆಗೆ.

ಏಕೆ ಹೀಗೆ ಎಂದು ಕೇಳಿದೆ. "ನೋಡಪ್ಪಾ, ಡಾಂಬರು ಹಾಕಿಸಿದರೆ ಜನ ಹಾರ ಹಾಕ್ತಾರೆ. ಮೋರಿ ಹೂಳು ತೆಗೆಸಿದರೆ ಮೂಗು ಮುಚ್ಕೋತಾರೆ. ಆದ್ರೆ ಮಳೆ ಬಂದಾಗ ಮನೆಯೊಳಗೆ ಬರೋದು ಡಾಂಬರಲ್ಲ, ಮೋರಿ ನೀರು" ಎಂದರು. ಇಷ್ಟು ಕಲಿಯಲು ಅವರಿಗೆ ಐದು ವರ್ಷ ಹಿಡಿಯಿತು. ಕಲಿತು ಮುಗಿಯುವ ಹೊತ್ತಿಗೆ ಅವಧಿಯೂ ಮುಗಿಯಿತು.

ಆ ಪಟ್ಟಿಯ ಕ್ರಮ ಎಷ್ಟು ಸರಿ ಎಂಬುದಕ್ಕೆ ನಮ್ಮ ನಗರದ ಇತಿಹಾಸವೇ ಸಾಕ್ಷಿ.

ಮೊದಲು ಮೋರಿ. ಬೆಂಗಳೂರು ದಿಣ್ಣೆಯ ಮೇಲೆ ಕುಳಿತ ಊರು. ಇಲ್ಲಿ ದೊಡ್ಡ ನದಿಯಿಲ್ಲ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ನಡುವೆ ಆ ನೀರನ್ನು ಹಿಡಿದಿಡಲು ಹಿಂದಿನವರು ಕೆರೆಗಳ ಸರಪಣಿ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಮುಂದಿನ ಕೆರೆಗೆ ಸೇರುತ್ತಿತ್ತು. ಆ ಕಾಲುವೆಯೇ ನಾವಿಂದು ರಾಜಕಾಲುವೆ ಎನ್ನುವುದು. ಮನೆಯ ಮುಂದಿನ ಚರಂಡಿ ಅದರ ಕೊನೆಯ ಕವಲು.

ಊರು ಬೆಳೆದಂತೆ ಕೆರೆಗಳು ಹೋದವು. ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೋರಮಂಗಲದಲ್ಲಿ ಎಸ್.ಟಿ. ಬೆಡ್ ಎಂಬ ಬಡಾವಣೆಯಿದೆ. ಆ ಅಕ್ಷರಗಳನ್ನು ಬಿಡಿಸಿದರೆ ಶ್ರೀನಿವಾಗಿಲು ಟ್ಯಾಂಕ್ ಬೆಡ್, ಅಂದರೆ ಕೆರೆಯ ಅಂಗಳ! ಅಲ್ಲಿ ಮಳೆನೀರು ನುಗ್ಗಿತೆಂದು ಪ್ರತಿಸಲ ಸುದ್ದಿ ಬರೆಯುತ್ತೇವೆ. ಅಲ್ಲಿ ನೀರು ಹೊಸದಾಗಿ ಬಂದದ್ದಲ್ಲ, ತನ್ನ ಹಳೆಯ ವಿಳಾಸಕ್ಕೆ ಮರಳಿದ್ದು. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿ ಸುರಿದ ಭಾರಿ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್, ದೋಣಿಗಳಲ್ಲಿ ಓಡಾಡಿದ್ದನ್ನು ಎಲ್ಲರೂ ನೋಡಿದ್ದೇವೆ.

ಮೋರಿಯ ಬೆಲೆಯನ್ನು ನಮ್ಮ ಊರು ಇನ್ನೂ ಕಠಿಣವಾಗಿ ಕಲಿತದ್ದು 1898ರಲ್ಲಿ. ಆ ವರ್ಷ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಸಾವಿರಾರು ಜನ ಸತ್ತರು. ಆನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ನೇರ ಬೀದಿ, ಮನೆಯಿಂದ ಮನೆಗೆ ಅಂತರ, ಮನೆಗಳ ಹಿಂದೆ ನೈರ್ಮಲ್ಯದ ಕೆಲಸಕ್ಕೇ ಮೀಸಲಾದ ಓಣಿ ಇವನ್ನೆಲ್ಲ ಮೊದಲೇ ಗೆರೆ ಎಳೆದು ಬಿಟ್ಟರು. ಅಲ್ಲಿನ ಬೀದಿಗಳ ಚೆಲುವಿನ ಹಿಂದೆ ರೋಗದ ಭಯವಿತ್ತು ಎಂಬುದನ್ನು ಮರೆಯಬಾರದು.

ಎರಡನೆಯದು ನೀರು. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನೀರು ಬಂತು. ಪ್ರತಿಸಲವೂ ಊರು ಮುಂದೆ, ಕೊಳವೆ ಹಿಂದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ 110 ಹಳ್ಳಿಗಳು ಅದರೊಳಕ್ಕೆ ಬಂದವು. ಆ ಹಳ್ಳಿಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಊರಿಗೆ ಸೇರಿದ ಮೇಲೆ ನದಿಯ ನೀರಿಗಾಗಿ 17 ವರ್ಷ!

ಇಲ್ಲಿ ಇನ್ನೊಂದು ತೊಡಕಿದೆ. ನೀರು ಮತ್ತು ಒಳಚರಂಡಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಗೆ ಸೇರಿದ್ದು. ವಿದ್ಯುತ್ ಬೆಸ್ಕಾಂನದು. ಮಳೆನೀರಿನ ಚರಂಡಿ, ರಸ್ತೆ, ಬೀದಿದೀಪ ಪಾಲಿಕೆಯವು. ಮನೆಯ ಬಾಗಿಲಲ್ಲಿ ನಿಂತ ಗೃಹಿಣಿಗೆ ಈ ಭೇದ ಬೇಕಿಲ್ಲ, ಅವಳಿಗೆ ಗೊತ್ತಿರುವುದು ಒಬ್ಬರೇ ಕಾರ್ಪೊರೇಟರ್. ಯಾವ ದೂರು ಯಾವ ಕಚೇರಿಗೆ ಎಂದು ಗೊತ್ತುಮಾಡಿಕೊಂಡು ಬೆನ್ನು ಹತ್ತುವುದೇ ಒಳ್ಳೆಯ ಸದಸ್ಯರ ಅರ್ಧ ಕೆಲಸ.

ಬೀದಿದೀಪದ ವಿಷಯದಲ್ಲಿ ನಾವು ಮುಂದಿದ್ದವರು. ಶಿವನಸಮುದ್ರದ ವಿದ್ಯುತ್ತಿನಿಂದ 1905ರಲ್ಲೇ ಇಲ್ಲಿನ ಮಾರುಕಟ್ಟೆಯ ಬಳಿ ವಿದ್ಯುದ್ದೀಪ ಬೆಳಗಿತು. ಆದರೆ ದೀಪ ಹಾಕುವುದು ಒಂದು ದಿನದ ಸಮಾರಂಭ, ಉರಿಯುವಂತೆ ನೋಡಿಕೊಳ್ಳುವುದು ಪ್ರತಿದಿನದ ಕೆಲಸ. ಕಾಲುದಾರಿಯೂ ಹಾಗೆಯೇ. ಅದರ ಹಾಸುಗಲ್ಲಿನ ಕೆಳಗೇ ಮೋರಿ ಇರುವುದರಿಂದ ಒಂದು ಕಲ್ಲು ಮುರಿದರೆ ಅಜ್ಜಿಯೊಬ್ಬರ ಕಾಲೂ ಮುರಿಯಬಹುದು.

ಇನ್ನು ಡಾಂಬರು. ಅದು ಕೊನೆಗೆ ಬರಬೇಕಾದದ್ದು ಏಕೆಂದರೆ ಅದು ಮುಚ್ಚಳ. ಪಾತ್ರೆಯಲ್ಲಿ ಬೇಯಿಸಬೇಕಾದದ್ದನ್ನು ಹಾಕದೆ ಯಾರೂ ಮುಚ್ಚಳ ಮುಚ್ಚುವುದಿಲ್ಲ. ನಮ್ಮ ಬೀದಿಗಳಲ್ಲಿ ಮಾತ್ರ ಡಾಂಬರು ಹಾಕಿದ ಮೇಲೆ ಕೊಳವೆಗೆಂದು ಅಗೆತ, ಕೊಳವೆ ಮುಚ್ಚಿದ ಮೇಲೆ ಕೇಬಲ್ಲಿಗೆಂದು ಅಗೆತ. 2015ರ ಸುಮಾರಿಗೆ ನಗರದ ಮಧ್ಯಭಾಗದ ಕೆಲವು ರಸ್ತೆಗಳಲ್ಲಿ ಕೊಳವೆ, ತಂತಿಗಳಿಗೆ ಮೊದಲು ನೆಲದೊಳಗೆ ಜಾಗ ಮಾಡಿ, ಕಾಲುದಾರಿ ಕಟ್ಟಿ, ಆಮೇಲೆ ರಸ್ತೆ ಮಾಡಿದರು. ದಾರಿ ಗೊತ್ತಿಲ್ಲದ್ದಲ್ಲ. ಆದರೆ ಐದು ವರ್ಷದಲ್ಲಿ ಮತ್ತೆ ಮತ ಕೇಳಬೇಕಾದವರಿಗೆ ಮುಚ್ಚಳವೇ ಹೆಚ್ಚು ಕಾಣುತ್ತದೆ. ಕೇಳುವ ನಾವೂ ಅದನ್ನೇ ಕೇಳುತ್ತೇವೆ. ಪತ್ರಿಕೆಯವರಾದ ನಾವೂ ಅದರದ್ದೇ ಚಿತ್ರ ಹಾಕುತ್ತೇವೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆ ಮಾಜಿ ಸದಸ್ಯೆ ಕೊನೆಯ ಪುಟದ ಪಟ್ಟಿಯನ್ನು ಬರೆದದ್ದು ತಮಗಾಗಿ ಅಲ್ಲ, ಮುಂದೆ ಬರುವವರಿಗಾಗಿ. ಆದರೆ ಕೊಡಲು ಯಾರೂ ಇರಲಿಲ್ಲ. 198 ವಾರ್ಡುಗಳ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗದಲ್ಲಿ ಐದು ಪಾಲಿಕೆಗಳು ರಚನೆಯಾದವು. ಅಷ್ಟರಲ್ಲಿ ಒಬ್ಬ ಸದಸ್ಯರ ಪೂರ್ಣ ಅವಧಿಯಷ್ಟು ಕಾಲ, ಐದು ವರ್ಷ, ಬರಿದಾಗಿ ಕಳೆದಿತ್ತು. ಇದು ಮೊದಲ ಸಲವೂ ಅಲ್ಲ. 2006ರ ಕೊನೆಯಿಂದ 2010ರವರೆಗೂ ಕುರ್ಚಿಗಳು ಖಾಲಿಯಿದ್ದವು. ಸಂವಿಧಾನದ 74ನೇ ತಿದ್ದುಪಡಿ 1993ರಿಂದ ಜಾರಿಯಲ್ಲಿದೆ. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ಅಧಿಕಾರಿಗಳು ಕೆಲಸ ಮಾಡಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ವರ್ಗಾವಣೆಯಾಗುತ್ತದೆ. ಯಾವ ತಿರುವಿನಲ್ಲಿ ಮೋರಿ ಕಟ್ಟಿಕೊಳ್ಳುತ್ತದೆ, ಯಾವ ಗಲ್ಲಿಯ ದೀಪ ಆರಿದರೆ ಹೆಣ್ಣುಮಕ್ಕಳು ಸುತ್ತು ಬಳಸಿ ಬರುತ್ತಾರೆ ಎಂಬುದು ಕಡತದಲ್ಲಿರುವುದಿಲ್ಲ, ಅಲ್ಲೇ ಬಾಳಿದವರ ತಲೆಯಲ್ಲಿರುತ್ತದೆ. ಸದಸ್ಯರು ನಿರ್ಗಮಿಸಿದಾಗ ಕುರ್ಚಿಯೊಂದಿಗೆ ಆ ನೆನಪೂ ಹೋಗುತ್ತದೆ.

ಆದ್ದರಿಂದ ನನ್ನದೊಂದು ವಿನಂತಿ. ನಿಮ್ಮ ವಾರ್ಡಿನಿಂದ ನಿರ್ಗಮಿಸಿದವರನ್ನು, ಅವರು ಯಾವ ಪಕ್ಷದವರೇ ಆಗಿರಲಿ, ಒಮ್ಮೆ ಇಲ್ಲಿಗೆ ಕರೆಯಿರಿ. ಹಾರ, ಫಲತಾಂಬೂಲ ಕೊಟ್ಟು ಕೂರಿಸಿ, ಅವರ ಕೊನೆಯ ಪಟ್ಟಿಯನ್ನು ಕೇಳಿ ಬರೆದುಕೊಳ್ಳಿ. ಆಗಿದ್ದೆಷ್ಟು, ಉಳಿದಿದ್ದೆಷ್ಟು, ಯಾವ ಕಚೇರಿಯಲ್ಲಿ ನಿಂತಿದೆ ಎಂದು ಗುರುತು ಹಾಕಿ ಸಂಘದ ಕಪಾಟಿನಲ್ಲಿಡಿ. ಆಯ್ಕೆಯಾಗಿ ಬರುವವರು ಮೊದಲ ಸಲ ಇಲ್ಲಿಗೆ ಕಾಲಿಟ್ಟಾಗ ಅವರ ಕೈಗೆ ಅದನ್ನೇ ಕೊಡಿ. ಮೋರಿಯಿಂದ ಶುರುಮಾಡಲು ಅವರಿಗೆ ಮತ್ತೆ ಐದು ವರ್ಷ ಬೇಕಾಗದಿರಲಿ.