ತಾಯಿಯೂ ಲೆಕ್ಕಕ್ಕೆ ಬರಲಿ



ನಾನು ಚಾರ್ಟರ್ಡ್ ಅಕೌಂಟೆಂಟ್. ನಮ್ಮ ಮನೆಯಲ್ಲೇ ತಾಳೆಯಾಗದ ಲೆಕ್ಕವೊಂದಿದೆ. ನನ್ನ ಹೆಂಡತಿ ಮಲೇಷ್ಯಾ ಪ್ರಜೆ. ಕೌಲಾಲಂಪುರದಲ್ಲಿ ಹುಟ್ಟಿದ ಮಗಳು ಹುಟ್ಟಿನಿಂದಲೇ ಇಲ್ಲಿನ ಪ್ರಜೆ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಹುಟ್ಟಿದ ಮಗ ಇಂದಿಗೂ ವೀಸಾದಲ್ಲಿದ್ದಾನೆ. ಇಬ್ಬರಿಗೂ ತಾಯಿ ಒಬ್ಬಳೇ.

ಮಲೇಷ್ಯಾ ಸಂವಿಧಾನದ 8(2)ನೇ ವಿಧಿಗೆ 2001ರಲ್ಲಿ ‘ಲಿಂಗ’ ಎಂಬ ಪದ ಸೇರಿತು. ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಸಲ್ಲದು ಎಂದಾಯಿತು. ಆದರೆ ಸಂವಿಧಾನವೇ ಬೇರೆ ಹೇಳಿದ ಕಡೆ ಆ ರಕ್ಷಣೆ ಇಲ್ಲ. ವಿದೇಶದಲ್ಲಿ ಹುಟ್ಟಿದ ಮಕ್ಕಳ ಪೌರತ್ವದ ನಿಯಮದಲ್ಲಿ ‘ತಂದೆ’ ಎಂದಷ್ಟೇ ಇತ್ತು. ತಾಯಂದಿರು 2021ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು, 2022ರಲ್ಲಿ ಮೇಲ್ಮನವಿಯಲ್ಲಿ ಸೋತರು. ಕೊನೆಗೆ 2024ರಲ್ಲಿ ಸಂಸತ್ತು ತಾಯಿಗೂ ಆ ಹಕ್ಕು ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದು ಹಿಂದೆ ಹುಟ್ಟಿದವರಿಗೆ ಅನ್ವಯಿಸದು. ನನ್ನ ಮಗನಂಥವರು ಅರ್ಜಿ ಹಾಕಿಯೇ ಕಾಯಬೇಕು.

ಇದನ್ನು ಕೇಳಿ ನಾವು ಬೀಗುವಂತಿಲ್ಲ. ವಿದೇಶದಲ್ಲಿ ಹುಟ್ಟಿದ ಮಕ್ಕಳ ಮಟ್ಟಿಗೆ ಭಾರತದ ಪೌರತ್ವ ಕಾಯ್ದೆಯೂ 1992ರವರೆಗೆ ತಂದೆಯನ್ನಷ್ಟೇ ನೋಡುತ್ತಿತ್ತು.

ಇಲ್ಲಿನ ಹೆಣ್ಣುಮಕ್ಕಳನ್ನು ಮದುವೆಯಾದ ಕನ್ನಡಿಗರಲ್ಲಿ ಒಂದು ವಿನಂತಿ: ಮಕ್ಕಳ ಅರ್ಜಿಗೆ ವಯಸ್ಸಿನ ಮಿತಿ ಇದೆ, ತಡಮಾಡಬೇಡಿ. ಕಾಗದಪತ್ರ ಜೋಡಿಸಲು ನಾನಿದ್ದೇನೆ, ಶುಲ್ಕ ಬೇಡ.