ಬಟ್ಟೆಯ ರೆಕ್ಕೆ

ಹಾರಬೇಕೆಂಬ ಆಸೆ ಮನುಷ್ಯನಲ್ಲಿ ಎಂದು ಹುಟ್ಟಿತೆಂದು ಹೇಳುವುದು ಕಷ್ಟ. ಆದರೆ ಆ ಆಸೆಯ ಬೆನ್ನಿಗೇ ಒಂದು ಭಯವೂ ಹುಟ್ಟಿತೆಂಬುದಕ್ಕೆ ಪುರಾಣಗಳು ಸಾಕ್ಷಿ ನುಡಿಯುತ್ತವೆ. ರಾಮಾಯಣದ ಸಂಪಾತಿ ಮತ್ತು ಜಟಾಯು ಸೂರ್ಯನನ್ನು ಮುಟ್ಟುವ ಹುಮ್ಮಸ್ಸಿನಿಂದ ಮೇಲೇರಿದರು. ತಮ್ಮನು ಬಿಸಿಲಿಗೆ ಬಳಲಿದಾಗ ಅಣ್ಣನು ಅವನ ಮೇಲೆ ತನ್ನ ರೆಕ್ಕೆ ಹರಡಿದನು. ತಾನು ರೆಕ್ಕೆ ಸುಟ್ಟುಕೊಂಡು ನೆಲಕ್ಕೆ ಬಿದ್ದನು. ಗ್ರೀಕರ ಕಥೆಯಲ್ಲಿ ತಂದೆ ಡೆಡಾಲಸನು ಮಗ ಇಕಾರಸನಿಗೆ ಎಚ್ಚರಿಕೆ ಹೇಳುತ್ತಾನೆ, ಮಗನು ಕೇಳುವುದಿಲ್ಲ. ಎರಡು ಕಥೆಗಳಲ್ಲಿಯೂ ಹಾರುವವನ ಜೊತೆಗೆ ಅವನಿಗಾಗಿ ಅಂಜುವವನೊಬ್ಬನಿದ್ದಾನೆ. ಇಂಜಿನ್ನಿನ ಹಂಗಿಲ್ಲದೆ ಹಾರುವ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳಹೊರಟ ನನಗೆ ಈ ಇಬ್ಬರೂ ಬೇಕಾಗಿದ್ದಾರೆ.

ನಮ್ಮ ಸೀಮೆಯಲ್ಲಿ ಈ ಆಸೆಯು ಮೊದಲು ಕಲ್ಲಿನಲ್ಲಿ ಮೂಡಿತು. ಬಾದಾಮಿಯ ಗುಹೆಗಳ ಮುಚ್ಚಿಗೆಯಲ್ಲಿ ವಿದ್ಯಾಧರ ದಂಪತಿಗಳು ಹಾರುತ್ತಿದ್ದಾರೆ. ಅಲ್ಲಿಯ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ.ಶ. ೫೭೮. ಹುನಗುಂದ ಸೀಮೆಯ ಐಹೊಳೆಯಲ್ಲಿಯೂ ಇಂಥ ಗಂಧರ್ವರನ್ನು ಕಾಣಬಹುದು. ಐಹೊಳೆಯ ಕೆಲವರು ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಸೇರಿದ್ದಾರೆ. ಇವರಿಗೆ ರೆಕ್ಕೆಗಳಿಲ್ಲವೆಂಬುದನ್ನು ಗಮನಿಸಬೇಕು. ಹಿಂದಕ್ಕೆ ಮಡಿಚಿದ ಕಾಲು ಮತ್ತು ಗಾಳಿಗೆ ತೇಲುವ ಉತ್ತರೀಯದ ಅಂಚು, ಇವೆರಡರಿಂದಲೇ ಚಾಲುಕ್ಯ ಶಿಲ್ಪಿಯು ಹಾರಾಟವನ್ನು ತೋರಿಸಿಬಿಟ್ಟಿದ್ದಾನೆ. ಹಕ್ಕಿಗೆ ಗರಿಯಾದರೆ ಮನುಷ್ಯನಿಗೆ ಬಟ್ಟೆ ಎಂದು ಅವನು ಬಗೆದನೋ ಏನೋ! ಅವನ ಉದ್ದೇಶ ಏನೇ ಇರಲಿ, ಮುಂದೆ ನಡೆದುದು ಮಾತ್ರ ಹಾಗೆಯೇ.

ಜರ್ಮನಿಯ ಓಟೋ ಲಿಲಿಯೆಂಥಾಲ್ ಕೊಕ್ಕರೆಗಳ ಹಾರಾಟವನ್ನು ವರ್ಷಗಟ್ಟಲೆ ನೋಡಿ ೧೮೮೯ರಲ್ಲಿ ಅದನ್ನು ಕುರಿತು ಗ್ರಂಥ ಬರೆದನು. ೧೮೯೧ರಿಂದ ಆತನು ಗುಡ್ಡಗಳಿಂದ ಜಿಗಿದು ತೇಲತೊಡಗಿದನು. ಬರ್ಲಿನ್ನಿನ ಮಗ್ಗುಲಲ್ಲಿ ಇದಕ್ಕೆಂದೇ ಮಣ್ಣಿನ ದಿಬ್ಬವೊಂದನ್ನು ಒಟ್ಟಿಸಿದನು. ಐದು ವರ್ಷಗಳಲ್ಲಿ ಸುಮಾರು ೨೦೦೦ ಸಲ ಹಾರಿದನು. ಅವನ ರೆಕ್ಕೆಯ ಎಲುಬು ಒಂದು ಬಗೆಯ ಬೆತ್ತದಂಥ ಕಟ್ಟಿಗೆ. ಮೇಲಿನ ಚರ್ಮ ಹತ್ತಿಯ ಬಟ್ಟೆ. ೧೮೯೬ರ ಆಗಸ್ಟ್ ೯ರಂದು ಗಾಳಿ ಹೊಯ್ದಾಡಿ ರೆಕ್ಕೆಯು ಹಿಡಿತ ತಪ್ಪಿತು. ಬೆನ್ನೆಲುಬು ಮುರಿದು ಆತನು ಮರುದಿನ ತೀರಿಕೊಂಡನು. ಅವನ ಬರಹಗಳನ್ನು ಓದಿಕೊಂಡ ರೈಟ್ ಸಹೋದರರು ೧೯೦೩ರಲ್ಲಿ ಇಂಜಿನ್ ಕೂಡಿಸುವ ಮುನ್ನ ಮೂರು ವರ್ಷ ಬರಿಯ ಗಾಳಿಯ ಮೇಲೆ ತೇಲುವುದನ್ನೇ ಕಲಿತರು. ಅವರ ರೆಕ್ಕೆಗೂ ಹತ್ತಿಯ ಬಟ್ಟೆಯೇ ಹೊದಿಕೆ.

ಇಂಜಿನ್ ಬಂದ ಮೇಲೆ ಜಗತ್ತು ಈ ಬಟ್ಟೆಯ ರೆಕ್ಕೆಯನ್ನು ಬಹುಮಟ್ಟಿಗೆ ಮರೆಯಿತು. ಅದು ಮರಳಿ ಬಂದದ್ದು ಒಂದು ಅಡಿಗೆಮನೆಯಿಂದ. ೧೯೪೮ರಲ್ಲಿ ಅಮೆರಿಕದ ಫ್ರಾನ್ಸಿಸ್ ರೊಗಾಲೊ ಎಂಬ ವಿಜ್ಞಾನಿ ಎಲುಬಿಲ್ಲದ ಮೆತ್ತನೆಯ ರೆಕ್ಕೆಯನ್ನು ಕಲ್ಪಿಸಿದಾಗ ಅವನ ಹೆಂಡತಿ ಗರ್ಟ್ರೂಡ್ ಅಡಿಗೆಮನೆಯ ಪರದೆಯನ್ನೇ ಹೊಲಿದು ಅದಕ್ಕೆ ರೂಪ ಕೊಟ್ಟಳು. ಆ ಬಗೆಯ ರೆಕ್ಕೆಗೆ ೧೯೬೩ರಲ್ಲಿ ಆಸ್ಟ್ರೇಲಿಯದ ಜಾನ್ ಡಿಕೆನ್‌ಸನ್ ಚೌಕಟ್ಟು ಕಟ್ಟಿ, ಮನುಷ್ಯನು ತೂಗಾಡುತ್ತ ಅದನ್ನು ನಡೆಸುವ ಉಪಾಯ ಮಾಡಿದನು. ಇದೇ ಹ್ಯಾಂಗ್ ಗ್ಲೈಡರ್. ೧೯೬೪ರಲ್ಲಿ ಗಾಳಿಪಟಗಳನ್ನು ಮಾಡುತ್ತಿದ್ದ ಡೊಮಿನಾ ಜಾಲ್ಬರ್ಟ್, ಮುಂಬಾಯಿಯಿಂದ ಗಾಳಿ ತುಂಬಿಕೊಂಡು ತಾನೇ ಸೆಟೆದು ನಿಲ್ಲುವ ಬಟ್ಟೆಯ ಚೀಲಗಳ ಸಾಲನ್ನು ಹೊಲಿದನು. ೧೯೭೮ರಲ್ಲಿ ಫ್ರಾನ್ಸಿನ ಮಿಯೆಸ್ಸಿ ಎಂಬಲ್ಲಿ ಮೂವರು ಗೆಳೆಯರು ಅಂಥದೊಂದು ಪ್ಯಾರಾಶೂಟನ್ನು ಬೆನ್ನಿಗೆ ಹರಡಿಕೊಂಡು ಬೆಟ್ಟದ ಇಳಿಜಾರಿನಲ್ಲಿ ಓಡಿದರು. ಪ್ಯಾರಾಗ್ಲೈಡಿಂಗ್ ಎಂಬ ಕ್ರೀಡೆಯು ಅಲ್ಲಿಂದ ಬೆಳೆಯಿತು.

ಈ ರೆಕ್ಕೆಯು ತಾನಾಗಿ ಮೇಲೇರಲಾರದು. ಸುತ್ತಲಿನ ಗಾಳಿಯ ಮಟ್ಟಿಗೆ ಅದು ಯಾವಾಗಲೂ ಇಳಿಯುತ್ತಲೇ ಇರುತ್ತದೆ, ಕ್ಷಣಕ್ಕೆ ಒಂದು ಮೀಟರಿನಷ್ಟು. ಗಾಳಿಯೇ ಅದಕ್ಕಿಂತ ವೇಗವಾಗಿ ಏರುತ್ತಿದ್ದರೆ ಮಾತ್ರ ಮನುಷ್ಯನೂ ಏರುತ್ತಾನೆ. ಗುಡ್ಡಕ್ಕೆ ಬಡಿದ ಗಾಳಿ ಮೇಲೇಳುತ್ತದೆ. ಬಿಸಿಲಿಗೆ ಕಾದ ನೆಲದಿಂದಲೂ ಗಾಳಿ ಏಳುತ್ತದೆ. ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯ ಮೇಲೆ ಕುಳಿತು ಕೆಂಪು ಬಂಡೆಗಳ ಕಡೆಗೆ ನೋಡಿರಿ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುಹಾಕುತ್ತ ಏರುವುದು ಈ ಗಾಳಿಯ ಬಲದಿಂದಲೇ.

ಇದನ್ನೆಲ್ಲ ನಾನು ಪುಸ್ತಕಗಳಿಂದ ತಿಳಿದೆನಾದರೂ ತಿಳಿಯಲು ಕಾರಣನಾದವನು ನನ್ನ ಒಬ್ಬ ವಿದ್ಯಾರ್ಥಿ. ನಾನು ಬಾಗಲಕೋಟೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಆತನು ನನ್ನ ತರಗತಿಯಲ್ಲಿದ್ದನು. ಇಲಕಲ್ಲಿನ ನೇಕಾರರ ಮನೆಯ ಒಬ್ಬನೇ ಮಗ. ೧೯೯೯ರಲ್ಲಿ, ಪುಣೆ ಮತ್ತು ಲೋಣಾವಳದ ನಡುವಿನ ಕಾಮಶೇತಿನಲ್ಲಿ ಕೆಲವು ದಿನ ಹಾರಾಟ ಕಲಿತು ಬಂದವನು, ಅಲ್ಲಿಯೇ ಉಳಿದು ಅದನ್ನೇ ಕಸುಬಾಗಿ ಹಿಡಿಯುವೆನೆಂದನು. ತಂದೆ ಮಾತು ಬಿಟ್ಟರು. ಮಗನು ಬಿದ್ದಾನೆಂಬ ಅಂಜಿಕೆ ಒಂದಾದರೆ, ಮೂರು ತಲೆಮಾರಿನ ಕುಣಿಮಗ್ಗಕ್ಕೆ ಕೂಡುವವರಾರು ಎಂಬ ಚಿಂತೆ ಇನ್ನೊಂದು. ಹುಡುಗನ ಒತ್ತಾಯಕ್ಕೆ ನಾನು ಇಲಕಲ್ಲಿಗೆ ಹೋದೆನು.

ನನ್ನ ಉಪದೇಶದಿಂದ ಏನೂ ಆಗಲಿಲ್ಲ. ಲಿಲಿಯೆಂಥಾಲನ ಸಾಹಸವನ್ನೂ ಸಾವನ್ನೂ ಹೇಳಿದೆ; ಹಿರಿಯರು ತಲೆಯೆತ್ತಲಿಲ್ಲ. ಕಡೆಗೆ ಹುಡುಗನು ತಾನು ತಂದಿದ್ದ ಹಳೆಯ ರೆಕ್ಕೆಯೊಂದನ್ನು ಅಂಗಳದಲ್ಲಿ ಹರವಿದನು. ಬಟ್ಟೆಯೆಂದ ಮೇಲೆ ನೇಕಾರನ ಕೈ ಸುಮ್ಮನಿದ್ದೀತೆ? ಅವರು ಬಗ್ಗಿ ಅಂಚನ್ನು ಬೆರಳಲ್ಲಿ ಹೊಸೆದರು, ಬಿಸಿಲಿಗೆ ಹಿಡಿದು ನೋಡಿದರು. ಆ ನೈಲಾನಿನಲ್ಲಿ ಕೆಲವು ಮಿಲಿಮೀಟರಿಗೊಮ್ಮೆ ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದು ದಪ್ಪ ಎಳೆ ಬರುತ್ತದೆ. ಎಲ್ಲಿಯಾದರೂ ಹರಿದರೆ ಹರಿತವು ಆ ಎಳೆಯ ಹತ್ತಿರ ನಿಲ್ಲಬೇಕೆಂಬುದು ಅದರ ಯುಕ್ತಿ. ಯಾರೂ ಹೇಳದೆಯೇ ಅವರಿಗೆ ಅದು ತಿಳಿಯಿತು.

"ಮಾಸ್ತರ್ರ, ಇದನ್ನ ನೇಯ್ದಾಂವ ಹರಿಯೂದನ್ನ ಮೊದಲ ವಿಚಾರ ಮಾಡ್ಯಾನ ನೋಡ್ರಿ" ಎಂದರು.

ಆಮೇಲೆ ಹುರಿಗಳನ್ನು ಹಿಡಿದುಕೊಂಡು ಹೋಗಿ, ಅವು ಬಟ್ಟೆಗೆ ಕೂಡುವಲ್ಲಿ ನಿಂತರು. ಅಲ್ಲಿ ಚಿಕ್ಕ ಕುಣಿಕೆಗಳ ಸಾಲಿತ್ತು. ಇಲಕಲ್ಲ ಸೀರೆಯ ಜೀವವಿರುವುದು ಕೊಂಡಿಯಲ್ಲಿ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕುಣಿಕೆಯಲ್ಲಿ ಕುಣಿಕೆ ಸೇರಿಸಿ ಕೂಡಿಸುವ ಕೆಲಸವದು. "ಇದೂ ಕೊಂಡೀನ ಐತಲ್ಲ" ಎಂದವರೇ ಒಂದೊಂದನ್ನೂ ಜಗ್ಗಿ ನೋಡತೊಡಗಿದರು. "ಇದನ್ನ ದಿನಾ ಯಾರು ನೋಡ್ತಾರ?"

"ಹಾರೂಕಿಂತ ಮೊದಲ ನಾನ ನೋಡ್ಬೇಕು, ಅಪ್ಪಾ."

ಬಾಗಿಲ ಮರೆಯಿಂದ ತಾಯಿ ಹೇಳಿದರು: "ಪಂಚಮಿ ಜೋಕಾಲಿ ಹಗ್ಗಾನೂ ಜಗ್ಗಿ ನೋಡೇ ಕುಂದ್ರತಿದ್ವಿ ನಾವು."

ಹಿರಿಯರು ಬಹಳ ಹೊತ್ತಿನ ಮೇಲೆ ನನ್ನ ಕಡೆಗೆ ತಿರುಗಿ, "ಆ ಬಿದ್ದು ಸತ್ತ ಸಾಹೇಬಂದು ಬಟ್ಟಿ ಹರದಿತ್ತೇನ್ರಿ?" ಎಂದು ಕೇಳಿದರು. ನಾನು ಹೇಳಿದ್ದನ್ನೆಲ್ಲ ಅವರು ಕೇಳಿಸಿಕೊಂಡಿದ್ದರು. ಬಟ್ಟೆಯಿಂದ ಬಿದ್ದದ್ದಲ್ಲ, ಗಾಳಿ ಕೈಕೊಟ್ಟಿತು ಎಂದೆ. ಸುಳ್ಳು ಸಮಾಧಾನ ಹೇಳುವ ಮನಸ್ಸಾಗಲಿಲ್ಲ. ಅವರು ರೆಕ್ಕೆಯನ್ನು ಸೀರೆ ಮಡಿಸಿದಂತೆ ನೀಟಾಗಿ ಮಡಿಸಿ ಮಗನ ಕೈಯಲ್ಲಿಟ್ಟರು. "ಗಾಳಿ ಸರಿ ಇಲ್ಲಂದ್ರ ಗುಡ್ಡಾ ಇಳದು ಬಾ. ಮಂದಿ ನಗ್ತಾರಂತ ಹಾರಬ್ಯಾಡ" ಎಂದರು.

ಲೋಕದ ಹಾರಾಟದ ಶಾಲೆಗಳೆಲ್ಲ ಹೇಳಿಕೊಡುವ ಮೊದಲ ಪಾಠ ಇದೇ ಎಂದು ನನಗೆ ಆಮೇಲೆ ತಿಳಿಯಿತು. ನೆಲದ ಮೇಲೆ ನಿಂತು ಬೇಡವೆನ್ನುವುದು ಸುಲಭ. ಆಕಾಶದಲ್ಲಿ ಹಾಗೆನ್ನಲು ಅವಕಾಶವಿಲ್ಲ. ಹುಡುಗನು ಹಲವು ವರ್ಷ ಹಾರಿದನು, ಬೇರೆಯವರಿಗೆ ಕಲಿಸಿದನು. ನನಗೆ ಬರೆದ ಕಾಗದಗಳಲ್ಲಿ ಹಾರಿದ ದಿನಗಳ ಜೊತೆಗೆ, ರೆಕ್ಕೆ ಹೊತ್ತುಕೊಂಡು ಗುಡ್ಡ ಇಳಿದು ಬಂದ ದಿನಗಳ ಲೆಕ್ಕವನ್ನೂ ಕೊಡುತ್ತಿದ್ದನು. ತಂದೆಗೆ ತಿಳಿಸಿರಿ ಎಂದು ಕೆಳಗೆ ಸೇರಿಸುತ್ತಿದ್ದನು. ತಂದೆ ಈಗ ಇಲ್ಲ. ಆ ಮನೆಯ ಮಗ್ಗವೂ ನಿಂತಿದೆ. ತಾವು ಕೊಟ್ಟ ಒಪ್ಪಿಗೆಯ ಬೆಲೆ ಇಷ್ಟೆಂದು ಆ ಹಿರಿಯರಿಗೆ ಅಂದೇ ಗೊತ್ತಿತ್ತೆಂದು ನಾನು ನಂಬಿದ್ದೇನೆ.

ಹಾರಿದವರ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ. ನೇಯ್ದವರು, ಹೊಲಿದವರು, ಕೊಂಡಿ ಜಗ್ಗಿ ನೋಡಿದವರು ಕೆಳಗೇ ಉಳಿಯುತ್ತಾರೆ. ಐಹೊಳೆಗೆ ಹೋದಾಗ ಗಂಧರ್ವರ ಮುಖವನ್ನು ಕಂಡು ಬೆರಗಾದ ಮೇಲೆ ಅವರ ಉತ್ತರೀಯದ ಕಡೆಗೂ ಒಮ್ಮೆ ಕಣ್ಣು ಹಾಯಿಸಿರಿ. ಅದನ್ನು ನೇಯ್ದವನೊಬ್ಬನಿರಬೇಕಲ್ಲವೆ?